ಬಂಡೆಯ ಹಿಂದಿನ ನೀರು

ಆ ಊರಿನಲ್ಲಿ ನದಿಗೊಂದು ಬಾಗಿಲಿತ್ತು. ದಿನವೂ ಬೆಳಿಗ್ಗೆ ಮುದುಕನೊಬ್ಬ ಸೈಕಲ್ಲಿನ ಮೇಲೆ ಬಂದು, ಗಾಜಿನ ಕೋಣೆಯ ಬೀಗ ತೆಗೆದು ಒಳಗೆ ಕೂಡುತ್ತಿದ್ದ. ಸ್ವಲ್ಪ ಹೊತ್ತಿಗೆ ಡ್ಯಾನ್ಯೂಬ್ ನದಿಯ ದಂಡೆಗೆ ಕೂಡಿಸಿದ್ದ ಕಬ್ಬಿಣದ ಹಲಗೆ ನಿಧಾನವಾಗಿ ಮೇಲೇಳುತ್ತಿತ್ತು. ಅಲ್ಲಿಯವರೆಗೆ, ಯಾರೋ ಕಂಡು ಮರೆತ ಕನಸಿನಂತೆ ಒಣಗಿ ಬಿದ್ದಿದ್ದ ಸಿಮೆಂಟಿನ ಕಾಲುವೆಯಲ್ಲಿ ಮೊದಲು ನಾಲಗೆಯಷ್ಟು ನೀರು ಬಂದು ನೆಲವನ್ನು ನೆಕ್ಕುತ್ತಿತ್ತು. ಮರುಗಳಿಗೆಯಲ್ಲಿ ಕಾಲುವೆಯೆಂಬುದೇ ಮಾಯವಾಗಿ, ಜಗತ್ತು ಹುಟ್ಟಿದಂದಿನಿಂದಲೂ ಅಲ್ಲೊಂದು ನದಿ ಹರಿಯುತ್ತಿತ್ತೆಂಬಂತೆ ನೀರು ಬೆಳ್ಳಗೆ ಮೊರೆಯುತ್ತಿತ್ತು.

ಅಂತೋನಿ ಆ ಹೊತ್ತಿಗೆ ದಂಡೆಯ ಮೇಲೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಣ್ಣು ಮುಚ್ಚಿದರೆ ಸ್ಲೊವಾಕಿಯಾ ಇರುತ್ತಿರಲಿಲ್ಲ. ಜೋಯಿಡಾದ ಕಾಡಿನಲ್ಲಿ, ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ನದಿ ಎದ್ದು ಬರುವ ಸದ್ದೂ ಇದೇ. ಮೊದಲು ದೂರದಲ್ಲಿ ಯಾರೋ ಅಕ್ಕಿ ಕೇರಿದಂತೆ, ಆಮೇಲೆ ಕಾಡಿಗೆ ಮಳೆ ಹೊಕ್ಕಂತೆ, ಆಮೇಲೆ ಹೋಲಿಕೆಗೆ ಏನೂ ಸಿಗದಂತೆ.

"ನೀರು ಬಂತು," ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

"ಬರಲಿ ಬಿಡೋ ಮಾರಾಯಾ. ಮೊದಲ ಚಹಾ ಬರಲಿ," ಎನ್ನುತ್ತಿದ್ದರು ಪಕ್ಕದಲ್ಲಿ ನಿಂತ ಶರಣಬಸವ ಮಾಸ್ತರರು.

ಬೇರೆ ಬೇರೆ ದೇಶಗಳಿಂದ ದೋಣಿ ಓಟದ ತರಬೇತುದಾರರು ಬಂದು ಒಂದು ಬೇಸಿಗೆಯ ಕಾಲ ಕಲಿಯುವ ಆ ಶಿಬಿರದಲ್ಲಿ, ಕನ್ನಡ ಬಲ್ಲವರು ಇವರಿಬ್ಬರೇ. ಮಾಸ್ತರರು ಮುಂಡಗೋಡದ ಕಡೆಯವರು. ಅತ್ತಿವೇರಿಯ ಜಲಾಶಯದ ಹಕ್ಕಿಗಳನ್ನು ನೋಡುತ್ತ ಬೆಳೆದವರು. ಶಾಲೆಯಲ್ಲಿ ಆಟದ ಪಾಠ ಮಾಡುತ್ತ, ಬಿಡುವಿನಲ್ಲಿ ಮಕ್ಕಳಿಗೆ ಕೆರೆಯ ನೀರಿನಲ್ಲಿ ದೋಣಿ ಓಡಿಸುವುದನ್ನು ಕಲಿಸುವವರು. ಅಂತೋನಿ ಹಳಿಯಾಳ ತಾಲ್ಲೂಕಿನ ಕಾಡಂಚಿನ ಸಿದ್ದಿ ಮನೆತನದವನು. ದಾಂಡೇಲಿಗೆ ಬರುವ ಪ್ರವಾಸಿಗರನ್ನು ರಬ್ಬರಿನ ದೋಣಿಯಲ್ಲಿ ಕೂಡಿಸಿಕೊಂಡು ಕಾಳಿಯ ಇಳಿಜಾರುಗಳನ್ನು ಎಷ್ಟೋ ವರ್ಷ ಇಳಿಸಿದ್ದ. ಆ ನೀರಿನಲ್ಲೇ ಒಬ್ಬರೇ ಕೂಡುವ ಸಣ್ಣ ಕಯಾಕ್ ನಡೆಸಲು ಕಲಿತು, ಈಗ ಅಕ್ಕನ ಮಗಳು ಲೀನಾಳಿಗೆ ಗುರುವಾಗಿದ್ದ.

ಲೀನಾಳಿಗಾಗಿಯೇ ಅವನು ಇಷ್ಟು ದೂರ ಬಂದದ್ದು. ಅವಳ ಆಟಕ್ಕೆ ಸ್ಲಾಲಮ್ ಎನ್ನುತ್ತಾರೆ. ರಭಸದ ನೀರಿನ ಮೇಲೆ ಜೋಡಿ ಜೋಡಿಯಾಗಿ ಕೋಲುಗಳನ್ನು ಇಳಿಬಿಟ್ಟಿರುತ್ತಾರೆ, ಒಂದೊಂದು ಜೋಡಿಯೂ ಒಂದು ಗೇಟು. ಹಸಿರು ಕೋಲುಗಳ ನಡುವೆ ನೀರಿನೊಂದಿಗೆ ಹಾಯಬೇಕು. ಕೆಂಪು ಕೋಲುಗಳ ನಡುವೆ ಮಾತ್ರ ನೀರಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ ಏರಬೇಕು. ಹಸಿರಿನಲ್ಲಿ ಲೀನಾಳನ್ನು ಹಿಡಿಯುವವರಿಲ್ಲ. ಕೆಂಪಿನ ಬಳಿ ಬಂದಳೆಂದರೆ ಆಗಲೇ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತೆ ಸೋಲುತ್ತಿದ್ದಳು. ಎರಡು ಸಲ ರಾಷ್ಟ್ರೀಯ ಆಯ್ಕೆಯ ಅಂಚಿಗೆ ಹೋಗಿ ತಿರುಗಿ ಬಂದಿದ್ದಳು.

ಅವನು ಹೊರಡುವ ದಿನ ಲೀನಾ ಬಸ್ಸಿನ ಕಿಟಕಿಗೆ ಕೈಯಿಟ್ಟು ನಿಂತು ಹೇಳಿದ್ದು ಇಷ್ಟೇ: "ಮಾಮಾ, ನನ್ನ ತಪ್ಪು ಏನಂತ ತಿಳ್ಕೊಂಡ ಬಾ. ನಿನಗ ತಿಳೀಲಿಲ್ಲಾಂದ್ರ ಮಳಿ ಮುಗದ ಮ್ಯಾಲೆ ನಾ ನೀರಿಗೆ ಇಳಿಯೂದಿಲ್ಲ. ರಿಸಾರ್ಟಿನ ಕೌಂಟರಿಗೆ ಕರದಾರ, ಹೋಗಿ ನಿಂದರ್ತೇನಿ. ಅಲ್ಲಿ ಕೆಂಪ ಗೇಟ ಇರೂದಿಲ್ಲ."

ನಕ್ಕೇ ಹೇಳಿದ್ದಳು. ಆ ನಗೆಯನ್ನು ಅಂತೋನಿ ವಿಮಾನದ ಉದ್ದಕ್ಕೂ ಹೊತ್ತುಕೊಂಡು ಬಂದಿದ್ದ.

*

ಶಿಬಿರದ ಮುಖ್ಯಸ್ಥೆ ಝುಜಾನಾ. ಬೆಳ್ಳಗಾದ ಕೂದಲನ್ನು ಹುಡುಗರಂತೆ ಕತ್ತರಿಸಿಕೊಂಡಿದ್ದ, ಮಾತು ಕಡಿಮೆಯ ಹೆಂಗಸು. ಮೊದಲ ವಾರಗಳಲ್ಲಿ ಅವಳು ಕಲಿಸಿದ್ದನ್ನೆಲ್ಲ ಅಂತೋನಿ ಬಾಯಾರಿದವನಂತೆ ಕುಡಿದ. ಭುಜದ ಸ್ನಾಯುಗಳು, ಉಸಿರಿನ ಲೆಕ್ಕ, ಆಟಗಾರ್ತಿಯೊಡನೆ ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು, ಎಲ್ಲವೂ. ಲೀನಾಳ ತಪ್ಪು ಅದರಲ್ಲಿ ಎಲ್ಲೋ ಇದ್ದೇ ಇರುತ್ತದೆಂದು ಹುಡುಕುತ್ತಲೇ ಇದ್ದ. ಸಿಗಲಿಲ್ಲ. ಅವಳ ಭುಜದ ಬಲ ಸರಿಯಿತ್ತು, ಉಸಿರು ಸರಿಯಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಕಾಲುವೆಯ ಕೊನೆಯಲ್ಲಿದ್ದ ಅಗಲವಾದ ಕೊಳದ ಬಳಿ ಸೇರುತ್ತಿದ್ದರು. ಅಷ್ಟೆಲ್ಲ ಕುಣಿದು ಬಂದ ನೀರು ಅಲ್ಲಿ ತನ್ನ ಹೆಸರನ್ನೇ ಮರೆತು ಮಲಗಿದಂತಿತ್ತು. ಲಿಂಡನ್ ಮರಗಳ ಹೂವು ಉದುರಿ ಅದರ ಮೇಲೆ ತೇಲುತ್ತಿತ್ತು. ಮಾಸ್ತರರು ಬೂಟು ಬಿಚ್ಚಿ, ಮೊಣಕಾಲವರೆಗೆ ಪ್ಯಾಂಟು ಮಡಚಿ, ನೀರಿನಲ್ಲಿ ಕಾಲು ಇಳಿಬಿಟ್ಟು ಕೂತು, ಆ ದೇಶದ ಗಟ್ಟಿ ರೊಟ್ಟಿಗೆ ಮನೆಯಿಂದ ತಂದ ಶೇಂಗಾ ಚಟ್ನಿ ಹಚ್ಚುತ್ತಿದ್ದರು. ಅಂತೋನಿ ಅವರ ಹಿಂದೆ ಮರಕ್ಕೆ ಒರಗಿ ನಿಂತು ತಿನ್ನುತ್ತಿದ್ದ.

"ಬಾರೋ, ಕುಂದರ ಬಾ ಇಲ್ಲೆ. ನೀರ ಹೆಂಗ ತಂಪೈತಿ ನೋಡು."

"ಇರಲಿ ಬಿಡ್ರಿ ಸರ್. ನನಗ ನಿಂತಽ ರೂಢಿ."

"ಏನ್ ರೂಢಿನೋ! ಆ ಪರಿ ಭೋರ್ಗರಿಯೂ ನೀರಾಗ ತೆಲಿ ಕೆಳಗ ಮಾಡಿ ಮುಳುಗಿ ಏಳತಿ. ಇಲ್ಲಿ ಕಾಲ ತೊಳಕೋ ಅಂದ್ರ ಬೆಕ್ಕಿನಂಗ ಹಿಂದ ಸರೀತಿ."

ಅಂತೋನಿ ನಕ್ಕುಬಿಟ್ಟ. ಮಾತು ಅಲ್ಲಿಗೇ ಮುಗಿಯಿತು. ಆದರೆ ತಾನು ಅಷ್ಟು ದಿನವೂ ಆ ಕೊಳದ ಅಂಚಿಗೆ ಕಾಲಿಟ್ಟಿಲ್ಲವೆಂಬುದು ಅವನಿಗೂ ಆಗಲೇ ಗೊತ್ತಾದದ್ದು.

*

ಕೋರ್ಸು ಮುಗಿಯುವ ಮುಂಚೆ ಪ್ರತಿಯೊಬ್ಬರೂ ಆ ಊರಿನ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಅಂತೋನಿಯ ಪಾಲಿಗೆ ಬಂದದ್ದು ಕೆಂಪು ಗೇಟು.

ಕೆಂಪು ಗೇಟಿನ ಗುಟ್ಟೆಲ್ಲ ನೀರಿನ ನಡುವೆ ನಿಂತ ಬಂಡೆಯ ಹಿಂದಿದೆ. ರಭಸದ ನೀರು ಬಂಡೆಗೆ ಬಡಿದು ಎರಡಾಗಿ ಸೀಳಿದಾಗ, ಬಂಡೆಯ ಬೆನ್ನಿಗೆ ಅಂಗೈಯಗಲದಷ್ಟು ಜಾಗದಲ್ಲಿ ನೀರು ಸುಮ್ಮನೆ ನಿಲ್ಲುತ್ತದೆ. ಸುತ್ತ ಪ್ರಳಯ, ನಡುವೆ ಒಂದು ಬಟ್ಟಲು ಮೌನ. ಆಟಗಾರ ಆ ಮೌನದೊಳಕ್ಕೆ ದೋಣಿಯನ್ನು ನುಗ್ಗಿಸಿ, ಒಂದು ಉಸಿರಿನಷ್ಟು ಕಾಲ ಅದನ್ನು ನಂಬಿ ಮೈ ಸಡಿಲ ಬಿಡಬೇಕು. ಆಗ ನೀರೇ ದೋಣಿಯ ಮೂತಿ ಹಿಡಿದು ಮೇಲ್ಮುಖವಾಗಿ ತಿರುಗಿಸುತ್ತದೆ. ಇದೆಲ್ಲ ಅಂತೋನಿಗೆ ಗೊತ್ತಿತ್ತು. ಮಕ್ಕಳಿಗೆ ಚೆನ್ನಾಗಿಯೇ ವಿವರಿಸಿದ. ಅವರು ಒಬ್ಬೊಬ್ಬರಾಗಿ ಇಳಿದು ಬಂದರು. ಯಾರಿಗೂ ಗೇಟು ಒಲಿಯಲಿಲ್ಲ. ಬೆಳಿಗ್ಗೆ ಇನ್ನೊಬ್ಬರ ಪಾಠದಲ್ಲಿ ಸಲೀಸಾಗಿ ಹತ್ತಿದ್ದ ಮಕ್ಕಳೇ ಈಗ ಬಂಡೆಯ ಮರೆಗೆ ಬರುವುದೇ ತಡ, ಬೆದರಿದ ಮೀನಿನ ಹಾಗೆ ಹೊರಗೆ ಚಿಮ್ಮಿ ಹೋಗುತ್ತಿದ್ದರು.

ಮರುದಿನ ಝುಜಾನಾ ಎಲ್ಲರನ್ನೂ ಕತ್ತಲೆ ಮಾಡಿದ ಕೋಣೆಯಲ್ಲಿ ಕೂಡಿಸಿ, ಆ ಪಾಠದ ಚಿತ್ರವನ್ನು ಗೋಡೆಯ ಮೇಲೆ ಹಾಕಿದಳು. ಸದ್ದನ್ನು ಪೂರ್ತಿ ತೆಗೆದಿದ್ದಳು. ಚಿತ್ರದಲ್ಲಿ ಮಕ್ಕಳೂ ಇರಲಿಲ್ಲ, ನೀರೂ ಇರಲಿಲ್ಲ. ಕ್ಯಾಮೆರಾ ಉದ್ದಕ್ಕೂ ದಂಡೆಯ ಮೇಲಿದ್ದ ಅಂತೋನಿಯನ್ನೇ ನೋಡುತ್ತಿತ್ತು.

ಗೋಡೆಯ ಮೇಲೆ ಒಬ್ಬ ಎತ್ತರದ ಕಪ್ಪು ಮನುಷ್ಯ ಸದ್ದಿಲ್ಲದೆ ಓಡುತ್ತಿದ್ದ. ಮುಖದಲ್ಲಿ ಹಬ್ಬದ ಕಳೆ. ಇದ್ದಕ್ಕಿದ್ದಂತೆ ಅವನ ಎಡಭುಜ ಕಿವಿಯವರೆಗೆ ಏರಿತು. ಒಂದು ಕಾಲು ನೆಲ ಬಿಟ್ಟು ಮೇಲೆದ್ದಿತು. ದೇಹವೆಲ್ಲ ಒಂದು ಹೆಜ್ಜೆ ಹಿಂದೆ ಸರಿದು, ಕೈ ಮಾತ್ರ ಮುಂದೆ ಚಾಚಿ ಯಾರನ್ನೋ ಅಟ್ಟತೊಡಗಿತು. ಹೋಗು, ಹೋಗು, ನಡೆ ಇಲ್ಲಿಂದ! ಮತ್ತೆ ಓಟ, ಮತ್ತೆ ಹಬ್ಬ. ಮತ್ತೆ ಭುಜ, ಕಾಲು, ಕೈ. ಯಾರೋ ಕಲಿಸಿದ ಕುಣಿತದ ಹಾಗೆ, ಪ್ರತಿಸಲವೂ ತಪ್ಪದೆ.

ತಾನು ನಿದ್ದೆಯಲ್ಲಿ ನಡೆಯುವುದನ್ನು ತಾನೇ ಕಂಡಂತಾಯಿತು ಅಂತೋನಿಗೆ.

"ಆ ನೀರಿನಲ್ಲಿ ಏನಿದೆ?" ಎಂದು ಝುಜಾನಾ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

ಅವನು ಯೋಚಿಸುವ ಮೊದಲೇ ಬಾಯಿ ಉತ್ತರ ಕೊಟ್ಟಿತ್ತು. "ಮೊಸಳೆ."

ಕೋಣೆ ಗೊಳ್ಳೆಂದು ನಕ್ಕಿತು. ಅಂತೋನಿ ನಗಲಿಲ್ಲ, ಝುಜಾನಾ ನಗಲಿಲ್ಲ. ಜೋರಾಗಿ ನಗಲು ಬಾಯಿ ತೆರೆದ ಮಾಸ್ತರರು ಅಂತೋನಿಯ ಮುಖ ನೋಡಿ ಹಾಗೇ ಮುಚ್ಚಿದರು.

*

ಕಾಳಿ ಎರಡು ಬಗೆಯ ನದಿ. ಮೇಲೆ ಜೋಯಿಡಾದ ಕಡೆ ಬಂಡೆಗಳ ನಡುವೆ ಕುಣಿದು ಬರುವಾಗ ಅದು ಬೆಳ್ಳಗಿರುತ್ತದೆ, ಅಲ್ಲಿ ಮೊಸಳೆ ನಿಲ್ಲುವುದಿಲ್ಲ. ದಾಂಡೇಲಿ ದಾಟಿ ಮೌಳಂಗಿಯ ಹತ್ತಿರ ಬಂದಾಗ ಹಸಿರಾಗಿ, ದಪ್ಪಗಾಗಿ, ನಿದ್ದೆ ಹೋದಂತೆ ನಿಲ್ಲುತ್ತದೆ. ಆ ನಿದ್ದೆಯೊಳಗೆ ಮೊಸಳೆಗಳು ಎಚ್ಚರವಾಗಿರುತ್ತವೆ.

ಅಂತೋನಿ ಚಿಕ್ಕವನಿದ್ದಾಗ, ಅವನೂ ಅಕ್ಕ ಅಗ್ನೆಸಳೂ ಮೌಳಂಗಿಯ ಸಂಬಂಧಿಕರ ಮನೆಯ ಎಮ್ಮೆಗಳನ್ನು ಮೈ ತೊಳೆಯಲು ಹೊಡೆದುಕೊಂಡು ಹೋಗಿದ್ದರು. ಕರುವಿನ ಹಗ್ಗ ಅಗ್ನೆಸಳ ಕೈಯಲ್ಲಿತ್ತು. ನೀರು ಕನ್ನಡಿಯಂತಿತ್ತು. ಕರು ಕುಡಿಯಲು ಮೂತಿ ಇಳಿಸಿತು. ಕನ್ನಡಿ ಒಮ್ಮೆ ತೆರೆದು ಮುಚ್ಚಿತು. ಸದ್ದೆಂದರೆ ಅಗ್ನೆಸಳ ಅಂಗೈಯಿಂದ ಹಗ್ಗ ಸರಿದ ಸದ್ದೊಂದೇ. ಆಮೇಲೆ ನೀರು ಮೊದಲಿನಂತೆಯೇ ಆಕಾಶವನ್ನು ತೋರಿಸುತ್ತ ಮಲಗಿತ್ತು. ಹಗ್ಗದ ಗೆರೆ ಅಕ್ಕನ ಅಂಗೈಯಲ್ಲಿ ಇಂದಿಗೂ ಇದೆ. ಲೀನಾ ಕಯಾಕ್ ಕಲಿಯುತ್ತೇನೆಂದಾಗ ಅಗ್ನೆಸ್ ಆ ಅಂಗೈಯನ್ನೇ ತಮ್ಮನ ಮುಂದೆ ಹಿಡಿದು ಒಂದು ಮಾತು ಪಡೆದಿದ್ದಳು: "ನಿಂತ ನೀರಾಗ ನನ್ನ ಮಗಳನ್ನ ಒಂದ ಗಳಿಗಿ ಸೈತ ಬಿಡಬ್ಯಾಡ."

ಅವನು ಬಿಟ್ಟಿರಲಿಲ್ಲ.

ಚಿತ್ರ ನೋಡಿದ ಆ ದಿನ ಮಧ್ಯಾಹ್ನ ಅವನು ಲಿಂಡನ್ ಮರದ ಕೆಳಗೆ ನಿಂತು, ಮೊಬೈಲಿನಲ್ಲಿದ್ದ ಲೀನಾಳ ಹಳೆಯ ಓಟಗಳನ್ನು ಸದ್ದು ತೆಗೆದು ನೋಡಿದ. ಹಸಿರು, ಹಸಿರು, ಹಾರುವ ಮಿಂಚುಳ್ಳಿ. ಕೆಂಪು ಬಂತು. ದೋಣಿ ಬಂಡೆಯ ಮರೆಗೆ ಹೊಕ್ಕಿತು. ಲೀನಾಳ ಎಡಭುಜ ಕಿವಿಯವರೆಗೆ ಏರಿತು.

ಅವಳು ಮೌಳಂಗಿಯ ಆ ಕರುವನ್ನು ಕಂಡವಳಲ್ಲ. ಅವಳಿಗೆ ಆ ಭುಜ ಬಂದದ್ದು ದಂಡೆಯ ಮೇಲೆ ನಿಂತು ಕಲಿಸುವವನಿಂದ.

ಅವನ ಕಥೆ ಕೇಳಿ ಝುಜಾನಾ ಹೇಳಿದ್ದು ಎರಡೇ ಮಾತು. ಮೈ ಕಲಿತದ್ದನ್ನು ಬಾಯಿ ಮರೆಸಲಾರದು. ಹೋಗಿ ಆ ನೀರಿನಲ್ಲಿ ಕೂತುಕೋ.

ಅವನು ಕೂತ. ಪಾಠವೆಲ್ಲ ಮುಗಿದು ಉಳಿದವರು ಹೊರಟ ಮೇಲೆ ಕಯಾಕನ್ನು ಬಂಡೆಯ ಮರೆಗೆ ತಂದು, ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತ. ಇಳಿಬಿಸಿಲು ಆ ದೇಶದಲ್ಲಿ ಮುಗಿಯುವುದೇ ಇಲ್ಲವೇನೋ ಎಂಬಂತೆ ನೀರಿನ ಮೇಲೆ ಜೇನಿನ ಹಾಗೆ ಹರಡಿತ್ತು. ಭುಜ ಏರಿತು, ಇಳಿಸಿದ, ಮತ್ತೆ ಏರಿತು. ಕೊನೆಗೆ, ಕಣ್ಣು ತೆರೆದೇ ಕಂಡ ಕನಸಿನಲ್ಲಿ, ದೋಣಿಯ ಅಡಿಯಿಂದ ಎಮ್ಮೆಯ ಕರುವೊಂದು ಮೂತಿ ಎತ್ತಿ ಅವನ ಮೊಣಕೈಯನ್ನು ಮೂಸಿತು. ಅದರ ಕೊರಳಲ್ಲಿ ಹಗ್ಗವಿತ್ತು. ಅದಕ್ಕೆ ಅವನ ಮೇಲೆ ಕೋಪವಿದ್ದಂತೆ ಕಾಣಲಿಲ್ಲ. ಲಿಂಡನ್ ಹೂವೊಂದನ್ನು ನಾಲಗೆಯಿಂದ ಎತ್ತಿಕೊಂಡು, ಜಗಿಯುತ್ತ, ಸುಮ್ಮನೆ ಅವನ ಜೊತೆ ನಿಂತುಕೊಂಡಿತು.

ಅಷ್ಟರಲ್ಲಿ ಗಾಜಿನ ಕೋಣೆಯ ಮುದುಕ ನದಿಯ ಬಾಗಿಲು ಹಾಕಿದ. ಮೊರೆತ ತಗ್ಗಿತು. ನೀರು ದೋಣಿಯನ್ನು ಮಗುವಿನಂತೆ ಮೆಲ್ಲಗೆ ಇಳಿಸಿ, ಸಿಮೆಂಟಿನ ಮೇಲೆ ಕೂಡಿಸಿ, ತಾನು ಹೊರಟುಹೋಯಿತು. ಬಂಡೆಯ ಹಿಂದಿನ ನೆಲ ಅಂತೋನಿಯ ಮುಂದೆ ಬತ್ತಲೆಯಾಗಿ ಬಿದ್ದಿತ್ತು. ಯಾವುದೋ ಮಗುವಿನ ಒಂಟಿ ಚಪ್ಪಲಿ, ಒಂದಿಷ್ಟು ಎಲೆ, ಬಾಟಲಿಯ ಮುಚ್ಚಳ. ಅಷ್ಟೇ.

ಕೊಳದ ಬಳಿ ಅವನಿಗಾಗಿ ಕಾದು ಕೂತಿದ್ದ ಮಾಸ್ತರರು ಕೂಗಿದರು: "ಸಿಕ್ತೇನೋ ಮೊಸಳಿ?"

"ಇಲ್ರಿ ಸರ್. ಚಪ್ಪಲಿ ಸಿಕ್ತು!"

"ಎರಡೂ ಇದ್ರ ತಗೊಂಡ ಬಾ. ನನ್ನ ಮೊಮ್ಮಗಳಿಗೆ ಆಕ್ಕಾವ!"

ಅಂತೋನಿ ದೋಣಿಯಲ್ಲೇ ಕೂತು ಬಹಳ ಹೊತ್ತು ನಕ್ಕ. ನಗುನಗುತ್ತಲೇ ಅವನಿಗೆ ತನ್ನ ಕಾಳಿಗೂ ಮೇಲೆಲ್ಲೋ ಒಂದು ಬಾಗಿಲಿದೆಯೆಂಬುದು ನೆನಪಾಯಿತು.

*

ಮಳೆಗಾಲ ಮುಗಿದು ಕಾಳಿ ಮಳೆನೀರಿನ ಕೆಂಪು ಕಳೆದುಕೊಂಡ ಮೇಲೆ, ಒಂದು ಮುಂಜಾನೆ ಅಂತೋನಿ ಅಕ್ಕನನ್ನೂ ಲೀನಾಳನ್ನೂ ಜೀಪಿನಲ್ಲಿ ಕೂಡಿಸಿಕೊಂಡು ಜೋಯಿಡಾದ ಕಡೆ ಹೊರಟ. ಬಂದ ದಿನವೇ ಲೀನಾ ಕೇಳಿದ್ದಳು, "ತಿಳೀತೇನು ಮಾಮಾ?" ಎಂದು. "ಬಾಯಿಲೆ ಹೇಳೂದಲ್ಲ ಅದು. ತೋರಸ್ತೇನಿ," ಎಂದಿದ್ದ. ರಿಸಾರ್ಟಿನವರಿಗೆ ವಾರದೊಳಗೆ ಹೇಳಬೇಕೆಂದು ಹಿಂದಿನ ದಿನ ಅವಳೂ ತಿಳಿಸಿದ್ದಳು.

"ನನ್ನ ಯಾಕ ಎಳಕೊಂಡ ಹೊಂಟಿ? ಮನ್ಯಾಗ ಕೆಲಸ ಬಿದ್ದೈತಿ," ಎಂದು ಅಗ್ನೆಸ್ ದಾರಿಯುದ್ದಕ್ಕೂ ಗೊಣಗಿದಳು. "ಪರದೇಶಕ್ಕ ಹೋಗಿ ಬಂದಾನ, ಈಗ ಅಕ್ಕಗೂ ದೋಣಿ ಕಲಸ್ತಾನಂತ."

"ಕಲಸಿದ್ರ ಕಲಸ್ತೇನಿ. ನಿನ್ನ ತೂಕಕ್ಕ ದೋಣಿ ಸಿಗಬೇಕಲ್ಲ."

"ನಾಲಿಗಿ ಉದ್ದ ಮಾಡಕೊಂಡ ಬಂದೀ ಅಷ್ಟ, ಬ್ಯಾರೆ ಏನೂ ಕಲತಿಲ್ಲ ನೀ."

ಅಣೆಕಟ್ಟಿನಿಂದ ಇನ್ನೂ ನೀರು ಬಿಟ್ಟಿರಲಿಲ್ಲ. ನದಿ ತನ್ನ ಅರ್ಧ ಮೈಯನ್ನು ಎಲ್ಲೋ ಬಿಟ್ಟು ಬಂದಂತೆ ತೆಳ್ಳಗಾಗಿ, ಮಂಜಿನಡಿಯಲ್ಲಿ ಗುನುಗುತ್ತಿತ್ತು. ಕೆಂಪು ಗೇಟು ಕಟ್ಟಿದ್ದ ದೊಡ್ಡ ಬಂಡೆ ಬುಡದವರೆಗೂ ಹೊರಗಿತ್ತು. ಅಂತೋನಿ ಅಕ್ಕನ ಕೈ ಹಿಡಿದು, ಕಲ್ಲಿನಿಂದ ಕಲ್ಲಿಗೆ ದಾಟಿಸಿ ಅದರ ಹಿಂದಕ್ಕೆ ಕರೆದೊಯ್ದ. ಅವನ ಬೆರಳುಗಳಿಗೆ ಅವಳ ಅಂಗೈಯ ಹಗ್ಗದ ಗೆರೆ ತಾಗಿತು.

"ಇಲ್ಲೆ ನಿಂದರ್ತಾಳ ಲೀನಾ," ಎಂದ. "ನೀರು ಬಂದ ಮ್ಯಾಲೆ ಈ ಜಾಗಾ ಸುಮ್ಮನಿರ್ತೈತಿ. ನೀ ಹೆದರೂದು ಇದಕ್ಕಽ. ನಾನೂ ಇದಕ್ಕಽ ಹೆದರ್ತಿದ್ದೆ."

ಮೊಣಕಾಲು ಮುಳುಗದಷ್ಟು ತಿಳಿನೀರು. ಕೆಳಗೆ ಬಿಳಿ ಬೆಣಚುಕಲ್ಲು. ಅಗ್ನೆಸ್ ಸೀರೆ ಎತ್ತಿ ಕಟ್ಟಿ, ದಂಡೆಯಿಂದ ಹಿಡಿದು ತಂದಿದ್ದ ಕೋಲಿನಿಂದ ಬಂಡೆಯ ಬುಡವನ್ನು ಒಂದೊಂದೇ ಚುಚ್ಚಿ ನೋಡಿದಳು. ಸಂದಿಗೆ ಕೋಲು ತುರುಕಿ ತಿರುವಿದಳು. ಕಾಲಿನಿಂದ ಕಲ್ಲುಗಳನ್ನು ಸರಿಸಿದಳು. ಯಾರೂ ಅವಸರ ಮಾಡಲಿಲ್ಲ. ದಂಡೆಯ ಮೇಲಿದ್ದ ಲೀನಾ ತಾಯಿಯನ್ನೂ ಮಾಮನನ್ನೂ ಒಂದೇ ಸಮನೆ ನೋಡುತ್ತಿದ್ದಳು.

"ಇಷ್ಟಽ?" ಎಂದಳು ಅಗ್ನೆಸ್ ಕೊನೆಗೆ. "ಇಲ್ಲಿ ಮೊಸಳಿ ಇರಲಿ, ಒಂದ ಏಡಿ ಸೈತ ಸರಿಯಾಗಿ ಮಲಗಾಕ ಆಗೂದಿಲ್ಲ."

"ಇಷ್ಟಽ ಅಕ್ಕಾ."

ಅವಳು ಕೋಲನ್ನು ಅಲ್ಲೇ ಊರಿದಳು. "ಮೌಳಂಗಿ ಕಡೆ ನನ್ನ ಮಾತು ಹಂಗಽ ಇರ್ತೈತಿ, ನೋಡು."

"ಅಲ್ಲಿ ನಾನೂ ಬಿಡೂದಿಲ್ಲ."

ಮೇಲೆ ಎಲ್ಲೋ ಅಕ್ಕಿ ಕೇರುವ ಸದ್ದು ಹುಟ್ಟಿತು. ಮೂವರಿಗೂ ಅದರ ಅರ್ಥ ಗೊತ್ತಿತ್ತು. ಕಲ್ಲುಗಳನ್ನು ದಾಟಿ ದಂಡೆ ಹತ್ತಿದರು. ಮಂಜು ನಡುಗಿತು. ಬೆಣಚುಕಲ್ಲುಗಳು ಒಂದೊಂದಾಗಿ ಕಣ್ಣು ಮುಚ್ಚಿಕೊಂಡವು. ಅಗ್ನೆಸ್ ನಿಂತಿದ್ದ ಜಾಗದ ಮೇಲೆ ನದಿ ಬಂದು ಕೂತು, ಬಂಡೆಗೆ ಬಡಿದು ಎರಡಾಯಿತು.

ಮೊದಲು ಅಂತೋನಿ ಇಳಿದ. ರಭಸವನ್ನು ಓರೆಯಾಗಿ ಸೀಳಿ ಬಂಡೆಯ ಮರೆಗೆ ಹೊಕ್ಕು, ಹುಟ್ಟನ್ನು ಮಡಿಲಲ್ಲಿಟ್ಟ. ಆಮೇಲೆ ಬಲಗೈಯನ್ನು ಮಣಿಕಟ್ಟು ಮುಳುಗುವಂತೆ ಆ ನಿಂತ ನೀರಿನಲ್ಲಿ ಇಳಿಬಿಟ್ಟು ಸುಮ್ಮನೆ ಕೂತ. ಅವನು ಎಷ್ಟೋ ವರ್ಷ ಕಾದಿಟ್ಟಿದ್ದ ಹೆದರಿಕೆ ಬೆರಳುಗಳ ಸುತ್ತ ಒಂದು ಸುತ್ತು ಬಂದು, ತಂಪಾಗಿ, ನೀರಾಗಿಯೇ ಉಳಿಯಿತು. ಮಾಮನ ಕೈ ಅಂಥ ನೀರಿನಲ್ಲಿರುವುದನ್ನು ಲೀನಾ ಹುಟ್ಟಿದಾಗಿನಿಂದ ನೋಡಿರಲಿಲ್ಲ. ದಂಡೆಯ ಮೇಲೆ ನಿಂತು ಆ ಕೈಯನ್ನೇ ನೋಡಿದಳು. ಮಾಮ ಕರೆಯಲಿಲ್ಲ.

ಅವಳು ದೋಣಿ ಹತ್ತಿದಳು. ಹಸಿರು ಕೋಲುಗಳ ನಡುವಿನಿಂದ ಎಂದಿನಂತೆ ಹಾರಿ ಬಂದಳು. ಬಂಡೆಯ ಅಂಚಿಗೆ ಬಂದು ಮೂತಿ ಹೊರಳಿಸಿದಳು. ಭುಜ ಏರತೊಡಗಿತು. ಅಂತೋನಿಯ ಕೈ ನೀರಿನಿಂದ ಮೇಲೇಳಲಿಲ್ಲ. ದಂಡೆಯ ಮೇಲೆ ಅಗ್ನೆಸ್ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಅವಳೂ ಕೂಗಲಿಲ್ಲ. ಅರ್ಧಕ್ಕೇರಿದ ಭುಜ, ಯಾರೂ ಕರೆಯದ ಅತಿಥಿಯಂತೆ ಅಲ್ಲೇ ಅನುಮಾನಿಸಿ ನಿಂತು, ಇಳಿಯಿತು.

ಲೀನಾಳ ದೋಣಿ ಮಾಮನ ದೋಣಿಗೆ ತಾಗಿ ನಿಂತಿತು. ಸುತ್ತ ನದಿ ಮೊರೆಯುತ್ತಿತ್ತು. ನಡುವೆ ಅವರಿಬ್ಬರೂ ಒಂದೇ ಬಟ್ಟಲಿನಲ್ಲಿ ಬಿದ್ದ ಎರಡು ಎಲೆಗಳ ಹಾಗೆ ತೇಲುತ್ತಿದ್ದರು. ಅವಳೂ ಹುಟ್ಟನ್ನು ಮಡಿಲಲ್ಲಿಟ್ಟು ನೀರಿಗೆ ಬೆರಳು ಇಳಿಸಿದಳು. ಆಗ ನೀರು ತಾನಾಗಿ ಅವಳ ದೋಣಿಯ ಮೂತಿಯನ್ನು ಹಿಡಿದು, ಅವಸರವಿಲ್ಲದೆ, ಕೆಂಪು ಕೋಲುಗಳ ಕಡೆ ತಿರುಗಿಸತೊಡಗಿತು. ಅವಳು ಬೆರಗಾಗಿ ಅಂತೋನಿಯ ಕಡೆ ನೋಡಿದಳು.

"ಏ ಲೀನಾ!" ದಂಡೆಯ ಮೇಲಿಂದ ಅಗ್ನೆಸಳ ದನಿ ಬಂತು. "ಹೆಂಗೈತಿ ಅಲ್ಲಿ?"

"ಸುಮ್ಮನೈತಿ ಅವ್ವಾ!" ಎಂದು ಲೀನಾ ಕೂಗಿದಳು. ಆಮೇಲೆ ಹುಟ್ಟನ್ನು ಕೈಗೆತ್ತಿಕೊಳ್ಳುತ್ತ, ದನಿ ತಗ್ಗಿಸಿ ಕೇಳಿದಳು: "ಮಾಮಾ, ನಾಳೆ ಎಷ್ಟೊತ್ತಿಗೆ ನೀರು ಬಿಡ್ತಾರ?"